ಬೋರಲು ಹಾಕಿದ ತಟ್ಟೆ

ಫೋನಿನಲ್ಲಿ ನಂಬರು ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಅತ್ತೆ ಒಳಗೆ ಬಂದು, ಸೊಸೆಯ ಕೈಯಿಂದ ಫೋನು ತೆಗೆದು ಹಿಟ್ಟಿನ ಡಬ್ಬದ ಮೇಲಿಟ್ಟರು.

“ಯಾರಿಗೆ?”

“ಆ ಬಸ್ ಡ್ರೈವರ್ ಮಗಳಿಗೆ. ನಮ್ಮ ಕೈಲಿ ಆಗಲ್ಲ, ಬೇರೆ ಬೇಕರಿ ನೋಡ್ಕೊಳ್ಳಿ ಅಂತ ಹೇಳಿಬಿಡ್ತೀನಿ ಅತ್ತೆ. ಇನ್ಮೇಲೆ ನಾನು ಬ್ರೆಡ್ಡು, ಬನ್ನು ಅಷ್ಟೇ. ಕೇಕಿನ ಅಲಂಕಾರದ ಸಹವಾಸ ಸಾಕು.”

ಮೇಜಿನ ಮೇಲೆ ಬಿಳಿ ಕ್ರೀಮು ಬಳಿದ ದೊಡ್ಡ ಕೇಕು ಬೆಳಿಗ್ಗೆ ಎಂಟರಿಂದ ಹಾಗೇ ಕೂತಿತ್ತು. ಮೂವತ್ತೆಂಟು ವರ್ಷ ಒಂದೇ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿದ ಆ ಡ್ರೈವರಿಗೆ ಅವತ್ತು ಕೆಲಸದ ಕೊನೆಯ ದಿನ. “ಹೂವು ಗೀವು ಬೇಡ. ನೋಡಿದ ಕೂಡಲೇ ನಮ್ಮಪ್ಪನದು ಅನ್ನಿಸಬೇಕು” ಎಂದು ಮಗಳು ಹೇಳಿಹೋಗಿದ್ದಳು. ನಾಲ್ಕು ಗಂಟೆಗೆ ಬರುತ್ತಾರೆ. ಆಗಲೇ ಹನ್ನೆರಡು ದಾಟಿತ್ತು. ಹೋದ ತಿಂಗಳು ಯಾರೋ ಒಬ್ಬಾಕೆ ಕೇಕು ನೋಡಿ, “ಹೋದ ವರ್ಷದ ಡಿಸೈನೇ ಅಲ್ವಾ ಇದು?” ಎಂದು ಮೂಗು ಮುರಿದಿದ್ದಳು. ಅವತ್ತಿನಿಂದ ಸೊಸೆಯ ಕೈ ಕಟ್ಟಿಹೋಗಿತ್ತು. ಕ್ರೀಮಿನ ಕೋನು ಹಿಡಿದರೆ ಸಾಕು, ಅದೇ ಮಾತು ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತು.

ಅತ್ತೆ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಕೈ ನಡುಗಲು ಶುರುವಾಗುವ ತನಕ ಈ ಬೇಕರಿಯ ಕೇಕುಗಳೆಲ್ಲ ಅವರವೇ. ಒಂದು ತಟ್ಟೆ ತೆಗೆದು ಟಪ್ಪೆಂದು ಬೋರಲು ಹಾಕಿದರು. ಬಟ್ಟಲಲ್ಲಿದ್ದ ಚಾಕೊಲೇಟು ಕ್ರೀಮನ್ನು ಕೋನಿಗೆ ತುಂಬಿ ಅವಳ ಕೈಗಿತ್ತು, ಓವನ್ನಿನ ಪಕ್ಕದ ಟೈಮರನ್ನು ಒಂದು ನಿಮಿಷಕ್ಕೆ ತಿರುಗಿಸಿದರು.

“ಕತ್ತೆ ಬಿಡಿಸು.”

“ಏನು?”

“ಕತ್ತೆ ಕಣೇ. ಗಂಟೆ ಹೊಡೆಯೋದ್ರೊಳಗೆ ಮುಗೀಬೇಕು. ಚೆನ್ನಾಗಿ ಬಂದ್ರೆ ಬೈತೀನಿ.”

ಗಂಟೆ ಹೊಡೆಯುವಷ್ಟರಲ್ಲಿ ಕತ್ತೆಗೆ ಐದು ಕಾಲು ಬಂದಿದ್ದವು. ಅತ್ತೆ ಚಪ್ಪಟೆ ಚಾಕುವಿನಿಂದ ಅದನ್ನು ಕೆರೆದು ಮತ್ತೆ ಕೋನಿಗೇ ತುಂಬಿದರು. “ಈಗೆಲ್ಲಿದೆ ಕತ್ತೆ? ತಟ್ಟೆ ಮೇಲೆ ಮಾಡಿದ ತಪ್ಪಿಗೆ ಸಾಕ್ಷಿ ಇರಲ್ಲ. ತಗೋ, ಎಡಗೈಲಿ ಒಂದು ಚಪ್ಪಲಿ.”

ಚಪ್ಪಲಿ ಬದನೆಕಾಯಿಯ ಹಾಗೆ ಬಂತು. ಅದನ್ನೂ ಕೆರೆದರು. “ಈಗ ಕಣ್ಣು ಮುಚ್ಕೊಂಡು ನನ್ನ ಮೂಗು.”

“ಅದಕ್ಕೆ ಇಷ್ಟು ಕ್ರೀಮು ಸಾಲಲ್ಲ ಅತ್ತೆ.”

“ಹಾಂ, ಬಾಯಿ ಬಂತಲ್ಲ. ಕೈನೂ ಬರುತ್ತೆ.”

ಸೊಸೆಗೆ ತಿಂಗಳ ಮೇಲೆ ಈಗ ನಗು ಬಂದಿತ್ತು. “ನೀವೂ ಹೀಗೇ ಮಾಡ್ತಿದ್ರಾ?”

“ದಿನಾ ಬೆಳಿಗ್ಗೆ. ನಿಮ್ಮ ಮಾವ ಎದ್ದು ಬರೋದ್ರೊಳಗೆ ಅವರ ಬೋಳುತಲೆ ಹತ್ತು ಸಲ ಬಿಡಿಸಿ, ಹತ್ತು ಸಲ ಕೆರೆದಿರ್ತಿದ್ದೆ.”

ಬ್ರೆಡ್ಡಿನ ಟ್ರೇ ಹೊತ್ತು ಬಂದ ಗಂಡ ಬಾಗಿಲಲ್ಲೇ ನಿಂತ. “ಇದೇನು ಮಕ್ಕಳಾಟ? ಕೇಕು ಇನ್ನೂ ಹಾಗೇ ಇದೆಯಲ್ಲೇ. ಮೂಲೆಗೊಂದು ಗುಲಾಬಿ ಹಾಕಿ ಮುಗಿಸಬಾರದಾ?”

ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ. “ಮುಂದಿನದು ಇವನ ಮೀಸೆ. ಎಡಗೈ, ಕಣ್ಣು ಮುಚ್ಚಿ.”

ಸೊಸೆ ಕಣ್ಣು ಮುಚ್ಚಿ ಕೋನನ್ನು ಒತ್ತಿದಳು. ಗೆರೆ ಬಲಕ್ಕೆ ಹೋಯಿತು, ಬಳುಕಿ ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೊರಳಿತು. ನಿಲ್ಲಿಸಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಗಂಟೆ ಹೊಡೆದಾಗ ಕಣ್ಣು ಬಿಟ್ಟಳು. ತಟ್ಟೆಯ ಈ ತುದಿಯಿಂದ ಆ ತುದಿಗೆ, ತಿರುವಿನ ಮೇಲೆ ತಿರುವು ಹಾಕಿಕೊಂಡು, ಗೆರೆ ಮೇಲಕ್ಕೆ ಹತ್ತಿಹೋಗಿತ್ತು. ಕೆರೆಯಲು ಬಂದ ಚಾಕುವನ್ನು ಅತ್ತೆಯ ಕೈ ಸಮೇತ ಹಿಡಿದು ನಿಲ್ಲಿಸಿದಳು. ಒಂದು ಉಸಿರಿನಷ್ಟು ಹೊತ್ತು ನೋಡಿದಳು. ಆಮೇಲೆ ಚಾಕು ಇಸಿದುಕೊಂಡು ತಾನೇ ಅಷ್ಟನ್ನೂ ಕೆರೆದು, ಕೋನಿಗೆ ತುಂಬಿ, ಬಿಳಿ ಕೇಕಿನ ಕಡೆ ತಿರುಗಿದಳು.

ನಾಲ್ಕಕ್ಕೆ ಡ್ರೈವರು ಮಗಳ ಜೊತೆ ಬಂದರು. ಮೈಮೇಲೆ ಇನ್ನೂ ಕೆಲಸದ ಸಮವಸ್ತ್ರವೇ ಇತ್ತು. ಕತ್ತೆಯೂ ಚಪ್ಪಲಿಯೂ ಆಗಿದ್ದ ಕ್ರೀಮು ಕೇಕಿನ ಮೇಲೆ ಬೆಟ್ಟದ ರಸ್ತೆಯಾಗಿ ಸುತ್ತಿಕೊಂಡಿತ್ತು. ಬಲಗೈಯಲ್ಲಿ ಬಿಡಿಸಿದ್ದರೆ ತಿರುವುಗಳು ಅಚ್ಚು ಹೊಡೆದ ಹಾಗೆ ಒಂದೇ ಸಮ ಬರುತ್ತಿದ್ದವು. ಅದಕ್ಕೇ ಸೊಸೆ ಎಡಗೈ ಬಿಟ್ಟಿರಲಿಲ್ಲ. ತುದಿಯಲ್ಲಿ, ಇಳಿಯಲು ಸಿದ್ಧವಾಗಿ, ಬೆರಳ ಗಾತ್ರದ ಒಂದು ಬಸ್ಸು. ಡ್ರೈವರು ಕನ್ನಡಕ ಹಾಕಿಕೊಂಡು ಬಗ್ಗಿದರು.

“ನಮ್ಮ ದಾರೀಲಿ ಬಂದಿದ್ದೀರೇನಮ್ಮ?”

“ಆ ತಿರುವುಗಳನ್ನ ದಿನಾ ನೋಡ್ತೀನಿ ಸಾರ್” ಎಂದಳು ಸೊಸೆ. ಪಕ್ಕದಲ್ಲಿ ಕೇಕಿನ ಡಬ್ಬ ಮಡಚುತ್ತಿದ್ದ ಗಂಡನ ಕೈ ತಾನಾಗಿ ಮೀಸೆಗೆ ಹೋಯಿತು.

ಡ್ರೈವರಿಗೆ ಆ ಮಾತು ಕೇಳಿಸಲಿಲ್ಲ. ಅವರ ಬೆರಳು ಕ್ರೀಮಿಗೆ ತಾಗದಂತೆ ಬಸ್ಸಿನಿಂದ ಕೆಳಕ್ಕೆ ಇಳಿಯುತ್ತಿತ್ತು: ಒಂದು ತಿರುವು, ಎರಡು, ಮೂರು. ನಾಲ್ಕನೆಯದು ತೀರ ಕಡಿದಾಗಿತ್ತು. ಅಲ್ಲಿಗೆ ಬರುತ್ತಲೇ ಬೆರಳು ನಿಧಾನವಾಯಿತು, ಕೆಳಗೆ ಅವರ ಬಲಗಾಲು ಮೆಲ್ಲಗೆ ನೆಲವನ್ನು ಒತ್ತಿ ಹಿಡಿಯಿತು.