ಮೂರನೇ ಸಾಲಿನ ಚಿಕ್ಕತಾಯಮ್ಮ

ಮೊಮ್ಮಗಳು ಸುಗುಣಳ ಕಬಡ್ಡಿ ನೋಡಲು ಪಾಂಡವಪುರದಿಂದ ಬಸ್ಸಿನಲ್ಲಿ ಬಂದ ಚಿಕ್ಕತಾಯಮ್ಮನನ್ನು ಕಾವಲಿನವನು ಕ್ರೀಡಾಂಗಣದ ಗೇಟಿನಲ್ಲೇ ತಡೆದ.

"ನೀವಾಗ್ಲೇ ಒಳಗಿದ್ದೀರಲ್ಲವ್ವಾ."

ಮನೆಯ ಟಿವಿಯಲ್ಲಿ ಪಂದ್ಯ ಹಾಕಿದವರ ಬಿಂಬ ಬಂದು ಗ್ಯಾಲರಿಯಲ್ಲಿ ಕೂರುವುದು ಈಗ ಎಲ್ಲ ಕಡೆ ಇದ್ದದ್ದೇ. ಅವಳು ಹೊರಡುವಾಗ ಟಿವಿ ಆರಿಸಲು ಮರೆತಿದ್ದಳು.

ಇಣುಕಿದಳು. ತುಂಬಿದ ಗ್ಯಾಲರಿಯಲ್ಲಿ ಉಸಿರಾಡುವವರು ಒಬ್ಬರೂ ಇಲ್ಲ. ಮೂರನೇ ಸಾಲಿನಲ್ಲಿ ತನ್ನದೇ ಬಿಂಬ ಹಲ್ಲು ಕಿರಿಯುತ್ತಿದೆ. ಅಷ್ಟರಲ್ಲಿ ಎದುರಾಳಿಗಳು ಸುಗುಣಳನ್ನು ಹಿಡಿದು ಕೆಡವಿದರು. ಬಿಂಬ ಚಪ್ಪಾಳೆ ತಟ್ಟಿತು!

"ಥೂ, ಅದು ನಾನೇನ್ಲಾ? ನಮ್ಮ ಕೂಸನ್ನ ಕೆಡವಿದ್ರೆ ನಾನು ಚಪ್ಪಾಳೆ ತಟ್ಟೋಳಾ?"

"ಪಾಯಿಂಟು ಯಾರಿಗೆ ಬಂದ್ರೂ ತಟ್ತವೆ ಕಣವ್ವಾ. ಗಲಾಟೆ ಗಿಲಾಟೆ ಏನಿಲ್ಲ."

ಚಿಕ್ಕತಾಯಮ್ಮ ಗೇಟಿನ ಸರಳು ಹಿಡಿದು, "ಎದ್ದೇಳೇ, ಮೂದೇವಿ!" ಎಂದು ಮೊಮ್ಮಗಳಿಗೆ ಕೇಳುವಂತೆ ಅರಚಿದಳು.

ಮಣ್ಣಿನಲ್ಲಿ ಬಿದ್ದಿದ್ದ ಸುಗುಣ ತಲೆಯೆತ್ತಿದಳು. ತುಂಬಿದ ಗ್ಯಾಲರಿಯ ಕಡೆ ತಿರುಗಲೂ ಇಲ್ಲ. ನೇರ ಗೇಟಿನತ್ತ ನೋಡಿದಳು.