ಅಜ್ಜಿ ಆರಿಸಿದ ಕರ್ಪೂರ

ಕರ್ಪೂರದ ವಾಸನೆ ಬಂದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ಅದು ಯಾವ ಇಸವಿಯೆಂಬುದರಲ್ಲಿ ಮನೆಯ ಕಾಗದಪತ್ರಗಳಿಗೂ ಒಮ್ಮತವಿಲ್ಲ. ತಮಿಳುನಾಡಿನ ಬೋಡಿನಾಯಕನೂರಿನ ನಮ್ಮ ಮನೆಯಲ್ಲಿ ಆಗ ಮಧ್ಯಾಹ್ನವಾಗಿತ್ತೆಂಬುದು ಮಾತ್ರ ನಿಶ್ಚಿತ.

ಹೊಡೆದಾಟಕ್ಕೆ ಹೋದವನಲ್ಲ, ಹೋಗುವುದೂ ಇಲ್ಲ ಎಂದು ಬರೆದುಕೊಟ್ಟರಷ್ಟೇ ಅಣ್ಣನಿಗೆ ಕಾಲೇಜಿನ ಸರ್ಕಾರಿ ವಿದ್ಯಾರ್ಥಿವೇತನ ಸಿಗುತ್ತಿತ್ತು. ಸಹಿಗೆ ಮುನ್ನ, ನಮ್ಮವರ ರೂಢಿಯಂತೆ, ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದಾರಿಸಿ ಆಣೆಯಿಡಬೇಕೆಂದು ತಾತ ಪಟ್ಟುಹಿಡಿದರು.

“ಪೊಯ್ ಸತ್ಯ, ಸುಳ್ಳಾಣೆ, ಮಾಡಿದ್ರೆ ಕಣ್ಣು ಹೋಗ್ತದೆ, ರಾಸಾ,” ಎಂದರು ತಾತ.

ಹಿಂದಿನ ದಿನ ಅಣ್ಣ ಬಸ್ ನಿಲ್ದಾಣದಲ್ಲಿ ಹೊಡೆದಾಡಿದ್ದನ್ನು ಅಜ್ಜಿಯೂ ನಾನೂ ಹತ್ತಿರದಿಂದಲೇ ಕಂಡಿದ್ದೆವು. ಅಣ್ಣ ಉರಿಯುವ ಕರ್ಪೂರದ ಮೇಲೆ ಕೈಯೆತ್ತಿದ. ನಾನು ಅವನ ಕಣ್ಣುಗಳನ್ನೇ ನೋಡುತ್ತಿದ್ದೆ.

ಅವನಿಗಿಂತ ಮೊದಲು ಅಜ್ಜಿಯ ಅಂಗೈ ಬೆಂಕಿಯ ಮೇಲೆ ಬಿದ್ದಿತು.

“ನನ್ ಕಣ್ಣು ಹೇಗೂ ಮಂಜು,” ಎಂದಳು. “ನೀ ಓದಕ್ಕೆ ಹೋಗು, ಸಾಮಿ.”