ಕೈಮುಗಿಯುವ ಅಳತೆ

“ಆ ಖ್ಮೇರ್ ಭಾಷೆ ಕಲಿಯೋ ಪುಸ್ತಕ ಈ ಸಲಾನೂ ಇನ್ನೊಬ್ಬರ ಕೈಲಿದೆ, ಟೈಲರಮ್ಮ. ನೀವು ವಾಪಸ್ ಕೊಡೋದೇ ತಡ, ಬಂದು ಎತ್ಕೊಂಡು ಹೋಗ್ತಾರೆ.”

ಗ್ರಂಥಪಾಲಕಿ ಕನ್ನಡಕದ ಮೇಲಿಂದ ನೋಡಿದಳು. ಟೈಲರಮ್ಮ ಬೆರಳು ಮಡಚಿ ದಿನ ಎಣಿಸಿದಳು. ಭಾನುವಾರ ಮಗ, ಸೊಸೆ ಮನೆಗೆ ಬರುತ್ತಿದ್ದಾರೆ. ಮದುವೆಯಾದ ಮೇಲೆ ಇದೇ ಮೊದಲು. ಸೊಸೆ ತುಂಬು ಬಸುರಿ. ಅವತ್ತು ಕ್ಷಮೆ ಕೇಳದಿದ್ದರೆ ಮೊಮ್ಮಗುವಿನ ಮುಖವನ್ನು ಫೋನಿನಲ್ಲೇ ನೋಡಬೇಕಾದೀತು.

“ಅದು ಯಾರು ಅಂತಾದರೂ ಹೇಳಬಾರದಾ?”

“ಓದುಗರ ಹೆಸರು ಹೇಳೋ ಹಾಗಿಲ್ಲ.”

ಹೇಳದಿದ್ದರೇನು? ಊರಿನ ಆಚೆ ತುದಿಯಲ್ಲಿರುವ ಮಗನೇ ಇರಬೇಕು. ಹೆಂಡತಿಯ ಭಾಷೆ ಕದ್ದುಮುಚ್ಚಿ ಕಲಿಯುತ್ತಿದ್ದಾನೆ, ಕಳ್ಳ. ಟೈಲರಮ್ಮನಿಗೆ ಒಳಗೊಳಗೇ ಖುಷಿ, ಅದರ ಬೆನ್ನಿಗೇ ಹೊಟ್ಟೆಕಿಚ್ಚು.

“ಸರಿ, ಅವರಿಗೊಂದು ಮಾತು ಹೇಳಿ. ಕೈಮುಗಿಯೋ ಪಾಠದಲ್ಲಿ ಎರಡು ಚಿತ್ರದ ಕೆಳಗಿನ ಬರಹ ಅದಲುಬದಲಾಗಿ ಅಚ್ಚಾಗಿದೆ. ಅಪ್ಪ ಅಮ್ಮನಿಗೆ ಮುಗಿಯೋದು ಮೂಗಿನ ಮಟ್ಟಕ್ಕೆ, ದೇವರಿಗೆ ಹಣೆ ಮೇಲಕ್ಕೆ. ಅದರಲ್ಲಿ ಉಲ್ಟಾ ಇದೆ. ಇಲ್ಲಿಂದ್ಲೇ ತಗೊಂಡ ಇನ್ನೊಂದು ದಪ್ಪ ಪುಸ್ತಕ ಓದಿದ ಮೇಲೇ ನನಗೂ ಗೊತ್ತಾಗಿದ್ದು. ಆ ನಾಡಿನ ಕೂಸೂ ಇಂಥ ತಪ್ಪು ಮಾಡಲ್ಲ.”

“ಹೇಳೋಣ ಅಂದ್ರೆ ಅವರು ನಿಂತು ಮಾತಾಡಿದರೆ ತಾನೆ? ಪುಸ್ತಕ ಬ್ಯಾಗಿಗೆ ಹಾಕ್ಕೊಂಡು ಹೊರಟೇಬಿಡ್ತಾರೆ.”

ಅಪ್ಪನ ಹಾಗೇ ಮೂಗಬಸವ, ಎಂದುಕೊಂಡು ಟೈಲರಮ್ಮ ಅಂಗಡಿಗೆ ಮರಳಿದಳು.

ಹೊಲಿಗೆ ಯಂತ್ರದ ಮುಂದೆ ಕೂತರೆ ಅವಳ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ. ಅವುಗಳ ಸಂದಿಯಲ್ಲೇ ಖ್ಮೇರ್ ಪಾಠ ಒಪ್ಪಿಸುತ್ತಿದ್ದಳು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಮೇಷ್ಟ್ರೊಬ್ಬರು ತಮ್ಮನ್ನೇ ಬೈಯುತ್ತಿದ್ದಾಳೆಂದು ತಿಳಿದು, “ಅರ್ಜೆಂಟೇನಿಲ್ಲಮ್ಮ, ನಿಧಾನಕ್ಕೆ ಆಗಲಿ” ಎಂದು ಹಿಂದೆ ಸರಿದಿದ್ದರು. ಆ ಭಾಷೆಯಲ್ಲಿ ‘ನಾನು’, ‘ನೀನು’ ಅನ್ನುವುದೇ ಅಪರೂಪವಂತೆ. ಅಕ್ಕ, ಅಜ್ಜ, ಮಗು ಎಂದು ನಂಟು ಹಿಡಿದೇ ಮಾತು. ಇದನ್ನು ಓದಿದ ದಿನ ಅವಳಿಗೆ ಹೊಲಿಗೆ ಓಡಲಿಲ್ಲ. ತಾನು ಆ ಹುಡುಗಿಯನ್ನು ಕರೆದದ್ದು ಏನೆಂದು?

ಮದುವೆಯ ದಿನ ನೆಂಟರೆಲ್ಲ ದುಂಬಾಲು ಬಿದ್ದಿದ್ದರು. “ನಿನ್ನ ಭಾಷೇಲಿ ನಾಲ್ಕು ಮಾತು ಹೇಳಮ್ಮ, ನಾವೂ ಕೇಳೋಣ.” ಖ್ಮೇರ್ ಹುಡುಗಿ ತಲೆ ತಗ್ಗಿಸಿ ನಿಂತಳು. ತುಟಿ ಬಿಚ್ಚಲಿಲ್ಲ. ಇದೆಂಥ ಜಂಬ ಎಂದು ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು.

“ನನ್ನ ಮಗ ಬಾಯಿ ಹೊಲಿದ ಬೊಂಬೆ ತಂದಿದ್ದಾನೆ!”

ಇಡೀ ಹಾಲ್ ಗೊಳ್ಳೆಂದಿತು. ಅವಳೂ ನಕ್ಕಳು. ಹೊರಡುವಾಗ ಮಗ ಇಷ್ಟೇ ಹೇಳಿದ: “ಅವಳಿಗೆ ನಮ್ಮ ಮಾತು ಅರ್ಥ ಆಗುತ್ತೆ ಅಮ್ಮ. ನಾನೇ ಕಲಿಸಿದ್ದು, ಪೂರ್ತಿ ಆಗುತ್ತೆ.”

ಅಂದಿನಿಂದ ಗುಂಡಿ ತೂರಿಸುವ ಯಾವ ಕಾಜಾ ಹೊಲಿದರೂ ಅವಳಿಗೆ ಅದು ಬಾಯಿಯಂತೆ ಕಾಣುತ್ತಿತ್ತು. ಯಾವ ಭಾಷೆಯ ನೆಪದಲ್ಲಿ ನಕ್ಕಳೋ ಆ ಭಾಷೆಯಲ್ಲೇ ಕ್ಷಮೆ ಕೇಳಬೇಕು ಎಂದು ಹಟ ತೊಟ್ಟಳು. ಒಮ್ಮೆ ಫೋನಿನಲ್ಲಿ ಮಗನನ್ನು ಕೆಣಕಿಯೂ ನೋಡಿದ್ದಳು.

“ಮನೇಲಿ ಅವಳ ಭಾಷೇಲಿ ಮಾತಾಡ್ತೀರೇನೋ?”

“ಅಮ್ಮ, ದಮ್ಮಯ್ಯ, ಆ ಭಾಷೆ ಸುದ್ದಿ ಮಾತ್ರ ಅವಳ ಮುಂದೆ ಎತ್ತಬೇಡ.”

ಅವಳ ಗಾಯ ಇನ್ನೂ ಹಸಿ ಎಂದುಕೊಂಡು ಟೈಲರಮ್ಮ ಫೋನ್ ಇಟ್ಟಿದ್ದಳು.

ಭಾನುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಮಗ ಕೆಳಗೆ ಕಾರು ನಿಲ್ಲಿಸುತ್ತಿದ್ದ. ಬಾಗಿಲಲ್ಲಿ ಸೊಸೆ ಒಬ್ಬಳೇ. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಹೆಗಲ ಬ್ಯಾಗಿನ ಮೇಲೆ.

ಟೈಲರಮ್ಮ ಎದೆಯ ಹತ್ತಿರ ಕೈ ಜೋಡಿಸಿದಳು. ತುಟಿಯಲ್ಲಿ ಇವತ್ತು ಸೂಜಿಯಿರಲಿಲ್ಲ.

“ಸೋಮ್ ತೋಹ್, ಕೋನ್.”

ಕ್ಷಮಿಸು, ಮಗು.

ಸೊಸೆ ತಲೆ ತಗ್ಗಿಸಿದಳು. ತುಟಿ ಬಿಚ್ಚಲಿಲ್ಲ. ಥೇಟ್ ಅವತ್ತಿನ ಹಾಗೇ.

ಆಮೇಲೆ ಅವಳ ಎರಡೂ ಕೈ ಜೋಡಿದವು. ಗದ್ದ ದಾಟಿದವು, ಮೂಗು ದಾಟಿದವು, ಹಣೆಯ ಮೇಲೆ ಹೋಗಿ ನಿಂತವು. ದೇವರಿಗೆ ಮುಗಿಯುವ ಹಾಗೆ.

ಅಣಕ, ಎಂದುಕೊಂಡಳು ಟೈಲರಮ್ಮ. ಆಗಲಿ, ನನಗೆ ಆಗಬೇಕಾದದ್ದೇ. ಆದರೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಪರೀಕ್ಷೆ ಬರೆದು ಮೇಷ್ಟ್ರ ಮುಖ ನೋಡುವವರ ಹಾಗೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಆ ನಾಡಿನ ಕೂಸೂ ಮಾಡದ ತಪ್ಪು.

“ಲೈಬ್ರರಿ ಪುಸ್ತಕ…” ಟೈಲರಮ್ಮ ಅವಳ ಹೆಗಲ ಬ್ಯಾಗಿನತ್ತ ನೋಡಿದಳು. “ಅದು ನೀನಾ?”

“ಕೈಗೂಸಾಗಿದ್ದಾಗಲೇ ನನ್ನನ್ನ ಬೇರೆ ದೇಶದವರು ಸಾಕಿಕೊಂಡ್ರು, ಅತ್ತೆ. ಅವತ್ತು ಎಲ್ಲರೂ ನಿನ್ನ ಭಾಷೆ, ನಿನ್ನ ಭಾಷೆ ಅಂದಾಗ… ನನಗೆ ಅದರ ಒಂದಕ್ಷರಾನೂ ಬರ್ತಿರಲಿಲ್ಲ.”

ಟೈಲರಮ್ಮ ಸೊಸೆಯ ಎರಡೂ ಮಣಿಕಟ್ಟು ಹಿಡಿದಳು. ತೋಳಿನ ಅಳತೆ ಸರಿಪಡಿಸುವಂತೆ ಮೆಲ್ಲಗೆ ಕೆಳಗಿಳಿಸಿ, ಮೂಗಿನ ಮಟ್ಟಕ್ಕೆ ತಂದು ನಿಲ್ಲಿಸಿದಳು.